ವಯಸ್ಸಾದ ನಾಯಿಗೆ ಬಂದು ಹೋಗುವ ಜ್ವರ, ಕಾರಣ ಸಿಗುತ್ತಿಲ್ಲ: ಅನುಭವ ಇರುವವರು ದಯವಿಟ್ಟು ತಿಳಿಸಿ

ಶರಾವತಿ_ದಂಡೆ

ನಮ್ಮ ಚೆನ್ನಿಗೆ ಈಗ ಹನ್ನೆರಡು ವರ್ಷ. ನಾಟಿ ತಳಿ, ಹದಿನೆಂಟು ಕಿಲೋ ತೂಕ. ಸಾಗರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟದ ಮನೆ. ಮರಿಯಾಗಿದ್ದಾಗಿನಿಂದ ತೋಟ, ಬೆಟ್ಟ ಸುತ್ತಿಕೊಂಡೇ ಬೆಳೆದವಳು. ಕಳೆದ ಮಳೆಗಾಲದಿಂದ ಒಂದು ಜ್ವರ ಅವಳನ್ನು ಬಿಡುತ್ತಿಲ್ಲ. ಬಂದರೆ ಎರಡು ಮೂರು ದಿನ ಅನ್ನ ಮುಟ್ಟುವುದಿಲ್ಲ. ಜಗಲಿಯಿಂದ ಅಂಗಳಕ್ಕೆ ಇಳಿಯಲು ಹಿಂಜರಿದು ನಿಂತುಬಿಡುತ್ತಾಳೆ. ಆಮೇಲೆ ಕೆಲವು ವಾರ ಏನೂ ಆಗಿಲ್ಲವೇನೋ ಎಂಬಂತೆ ಇರುತ್ತಾಳೆ. ಮತ್ತೆ ಜ್ವರ. ಒಮ್ಮೆ ಮುಂಗಾಲು ಕುಂಟಿದರೆ ಇನ್ನೊಮ್ಮೆ ಹಿಂಗಾಲು.

ಉಣುಗು ಜ್ವರದ ಕಿಟ್ ಪರೀಕ್ಷೆಯಲ್ಲಿ ಎರ್ಲಿಕಿಯಾ ಎಂಬ ರೋಗಾಣುವಿಗೆ ಪಾಸಿಟಿವ್ ಎಂದು ಬಂತು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ 28 ದಿನ ಕೊಟ್ಟೆವು. ಜ್ವರ ಮರಳಿತು. ಮತ್ತೆ ಪರೀಕ್ಷೆ, ಮತ್ತೆ ಪಾಸಿಟಿವ್, ಮತ್ತೆ ಅದೇ ಮಾತ್ರೆ. ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಇದೆ, ಮೂತ್ರಪಿಂಡ ಮತ್ತು ಯಕೃತ್ತು ಸರಿಯಾಗಿವೆ ಎನ್ನುತ್ತಾರೆ. ಇಷ್ಟರ ಮೇಲೆ ಎಲ್ಲರೂ ಹೇಳುವುದು "ವಯಸ್ಸಾಯಿತಲ್ಲ" ಎಂದು. ವಯಸ್ಸಾದರೆ ಜ್ವರ ಬರಬೇಕೆಂದು ಎಲ್ಲಿದೆ?

ಮುಂದೆ ಯಾವ ಪರೀಕ್ಷೆ ಮಾಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಒಂದು ಪ್ರಶ್ನೆ. ಇನ್ನೊಂದನ್ನು ಕೇಳಲು ಸ್ವಲ್ಪ ಸಂಕೋಚ. ಹೀಗೆ ಹೆಸರು ಗೊತ್ತಿಲ್ಲದ ಕಾಯಿಲೆಯನ್ನು ಮನೆಯಲ್ಲಿಟ್ಟುಕೊಂಡು ನೀವೆಲ್ಲ ಹೇಗೆ ದಿನ ಕಳೆದಿರಿ? ರಾತ್ರಿ ಎರಡು ಸಲ ಎದ್ದು ಅವಳ ಕಿವಿ ಮುಟ್ಟಿ ಬಿಸಿಯೇ ಎಂದು ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ಕುಡ್ಲದ_ಅಲೆ

ಕಿವಿ ಮುಟ್ಟಿ ನೋಡಿದರೆ ಜ್ವರ ಗೊತ್ತಾಗುವುದಿಲ್ಲ. ಮೊದಲು ಒಂದು ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಳ್ಳಿ. ತುದಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮ್ಮ ಮೈಯ ಲೆಕ್ಕದಲ್ಲಿ ಅವು ಯಾವಾಗಲೂ ಬಿಸಿಯೇ. ಹಾಗಾಗಿ ಸುಮ್ಮನೆ ಗಾಬರಿಯಾಗುತ್ತದೆ, ಕೆಲವೊಮ್ಮೆ ನಿಜವಾದ ಜ್ವರವೇ ತಪ್ಪಿಹೋಗುತ್ತದೆ.

ನಮ್ಮ ಲ್ಯಾಬ್ರಡಾರ್ ಬೇರೆ ಥರದ ಕಾಯಿಲೆಯವನು. ಒಂದು ಬೆಳಿಗ್ಗೆ ಎದ್ದವನೇ ಒಂದು ಪಕ್ಕಕ್ಕೆ ಬಿದ್ದ. ತಲೆ ವಾಲಿತ್ತು, ಕಣ್ಣುಗುಡ್ಡೆಗಳು ಅತ್ತಿತ್ತ ಸರಿದಾಡುತ್ತಿದ್ದವು, ವಾಂತಿ. ಪಾರ್ಶ್ವವಾಯು ಹೊಡೆದಿದೆ, ಮುಗಿಯಿತು ಎಂದು ಮನೆಯವರೆಲ್ಲ ಅತ್ತೆವು. ವೈದ್ಯರು ಕಿವಿಯೊಳಗೆ ನೋಡಿದರು, ನಡಿಗೆ ನೋಡಿದರು, ವೆಸ್ಟಿಬ್ಯುಲರ್ ತೊಂದರೆ ಎಂದರು. ಸಮತೋಲನ ಕಾಯುವ ಒಳಕಿವಿಯ ವ್ಯವಸ್ಥೆ ಮುದಿ ನಾಯಿಗಳಲ್ಲಿ ಇದ್ದಕ್ಕಿದ್ದಂತೆ ಕೈಕೊಡುವುದು ಉಂಟಂತೆ, ಬಹಳ ಸಲ ಕಾರಣವೇ ಸಿಗುವುದಿಲ್ಲವಂತೆ. ವಾಂತಿ ನಿಲ್ಲಲು ಮದ್ದು ಕೊಟ್ಟು, ನೆಲಕ್ಕೆ ಜಾರದ ಚಾಪೆ ಹಾಸಲು ಹೇಳಿದರು. ಮೂರು ದಿನದಲ್ಲಿ ಎದ್ದು ನಿಂತ, ಕೆಲವು ವಾರಗಳಲ್ಲಿ ಗೇಟಿನವರೆಗೆ ಹೋಗತೊಡಗಿದ. ತಲೆ ಮಾತ್ರ ಇವತ್ತಿಗೂ ಸ್ವಲ್ಪ ವಾಲಿಯೇ ಇದೆ. ಕಾರಣ ಗೊತ್ತಿಲ್ಲ ಎಂದರೆ ಕೆಟ್ಟದ್ದೇ ಕಾದಿದೆ ಎಂದು ತಿಳಿಯಬೇಡಿ ಎನ್ನಲು ಇಷ್ಟು ಬರೆದೆ.

ತೋಟದಯ್ಯ

ನಮ್ಮ ಕಡೆ ಪ್ಲೇಟ್‌ಲೆಟ್ ಕಡಿಮೆಯಾದರೆ ಪಪ್ಪಾಯ ಎಲೆಯ ರಸ ಕೊಡುತ್ತೇವೆ. ಅರಿಶಿನ ಹಾಕಿದ ಹಾಲೂ ಒಳ್ಳೆಯದು. ಜ್ವರ ಜಾಸ್ತಿಯಾದ ದಿನ ಮನೆಯಲ್ಲಿರುವ ಜ್ವರದ ಮಾತ್ರೆಯಲ್ಲಿ ಅರ್ಧ ಕೊಡಿ. ಪ್ರತಿಸಲ ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಆ ಮುದಿ ಜೀವಕ್ಕೆ ಯಾಕೆ ಹಿಂಸೆ?

ಪಶುವೈದ್ಯೆ_ಹಾಸನ

ಅಯ್ಯನವರೇ, ಕಾಳಜಿ ಅರ್ಥವಾಗುತ್ತದೆ. ಆದರೆ ಜ್ವರದ ಮಾತ್ರೆಯ ವಿಷಯದಲ್ಲಿ ದಯವಿಟ್ಟು ಹಾಗೆ ಹೇಳಬೇಡಿ. ಇದನ್ನು ಓದಿ ಯಾರಾದರೂ ಕೊಟ್ಟುಬಿಡುತ್ತಾರೆ. ಮನುಷ್ಯರ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಪ್ಯಾರಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ ಪೆಟ್ಟು. ಬೆಕ್ಕಿಗಂತೂ ಒಂದೇ ಮಾತ್ರೆ ಸಾವು ತರಬಹುದು. ಪಪ್ಪಾಯ ಎಲೆಯನ್ನು ನಂಬಿ ಚಿಕಿತ್ಸೆ ತಡಮಾಡಬೇಡಿ. ಪ್ಲೇಟ್‌ಲೆಟ್ ಏಕೆ ಕಡಿಮೆಯಾಗಿದೆ ಎಂಬುದಕ್ಕೆ ಆ ರಸದಲ್ಲಿ ಉತ್ತರವಿಲ್ಲ.

ಈಗ ಚೆನ್ನಿಯ ವಿಷಯ. ನೋಡದೆ ರೋಗ ಹೇಳಲು ಬರುವುದಿಲ್ಲ. ನಿಮ್ಮ ವೈದ್ಯರೊಂದಿಗೆ ಮಾತನಾಡಲು ಅನುಕೂಲವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ಕಿಟ್ ಹುಡುಕುವುದು ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು, ರೋಗಾಣುವನ್ನಲ್ಲ. ಒಮ್ಮೆ ಎರ್ಲಿಕಿಯಾ ಸೋಂಕು ತಗುಲಿದ ನಾಯಿಯ ರಕ್ತದಲ್ಲಿ ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಮಲೆನಾಡಿನಲ್ಲಿ ತೋಟ ಸುತ್ತುವ ನಾಯಿ ಪಾಸಿಟಿವ್ ಬಂದರೆ ಆಶ್ಚರ್ಯವಿಲ್ಲ. ಅದು ಹಿಂದೆಂದೋ ತಗುಲಿದ ಸೋಂಕಿನ ಗುರುತಾಗಿರಬಹುದು, ಈಗಿನ ಜ್ವರಕ್ಕೆ ಬೇರೆಯೇ ಕಾರಣವಿರಬಹುದು. ಆದ್ದರಿಂದ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ ಅದೇ ಮಾತ್ರೆಯನ್ನು ಮತ್ತೆ ಕೊಡುವುದರಿಂದ ಮುಂದೆ ಹೋಗಲಾಗುವುದಿಲ್ಲ. ಇನ್ನು ಪಿಸಿಆರ್ ಪರೀಕ್ಷೆ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುತ್ತದೆ. ಅದರಲ್ಲಿ ಬೇಬಿಸಿಯಾ ಗಿಬ್ಸೋನಿಯನ್ನೂ ಸೇರಿಸಲು ಹೇಳಿ. ಅದು ಕೆಂಪು ರಕ್ತಕಣದೊಳಗೆ ಅಡಗುವ ಬಹಳ ಚಿಕ್ಕ ಜೀವಿ, ಗಾಜಿನ ಮೇಲೆ ರಕ್ತ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಣ್ಣು ತಪ್ಪಿಸುತ್ತದೆ, ಡಾಕ್ಸಿಸೈಕ್ಲಿನ್ ಒಂದಕ್ಕೇ ಬಗ್ಗುವುದಿಲ್ಲ.

ಇನ್ನೊಂದು ಪ್ರಶ್ನೆ. ರಕ್ತ ಕಡಿಮೆ ಎಂದು ಕಬ್ಬಿಣದ ಟಾನಿಕ್ ಕೂಡ ಕೊಡುತ್ತಿದ್ದಿರಾ? ಕಬ್ಬಿಣ, ಕ್ಯಾಲ್ಸಿಯಂ ಜೊತೆಗೆ ಸೇರಿದರೆ ಡಾಕ್ಸಿಸೈಕ್ಲಿನ್ ಹೊಟ್ಟೆಯಲ್ಲೇ ಕಟ್ಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎರಡರ ನಡುವೆ ಕೆಲವು ಗಂಟೆಗಳ ಅಂತರ ಬೇಕು.

ಜ್ವರದ ಜೊತೆ ಒಂದೊಂದು ಸಲ ಒಂದೊಂದು ಕಾಲು ಕುಂಟುವುದನ್ನು ನಿಮ್ಮ ವೈದ್ಯರಿಗೆ ಒತ್ತಿ ಹೇಳಿ. ಹಲವು ಕೀಲುಗಳಲ್ಲಿ ಒಟ್ಟಿಗೆ ಉರಿಯೂತ ಇದ್ದಾಗ ಹೀಗಾಗುತ್ತದೆ. ಸೂಜಿಯಿಂದ ಕೀಲುದ್ರವ ತೆಗೆದು ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಘಟಪ್ರಭಾ_ಕಡೆಯವನು

ನಮ್ಮದು ಮುಧೋಳ ತಳಿ. ಲ್ಯಾಬ್ ವರದಿ ಓದುವವರು ಒಂದು ಸಂಗತಿಯನ್ನು ನೆನಪಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಹತ್ತು ವರ್ಷದ ಗಂಡು ಮಂಕಾಗಿದ್ದ, ಕೂದಲು ಉದುರುತ್ತಿತ್ತು. ರಕ್ತದಲ್ಲಿ ಥೈರಾಯ್ಡಿನ ಟಿ4 ಹಾರ್ಮೋನು ಕಡಿಮೆ ಎಂದು ಬಂತು, ಬದುಕಿರುವಷ್ಟು ದಿನ ಮಾತ್ರೆ ಎಂದರು. ಎರಡನೆಯ ವೈದ್ಯರು ತಡೆದರು. ಗ್ರೇಹೌಂಡ್‌ನಂಥ ಓಟದ ತಳಿಗಳಲ್ಲಿ ಟಿ4 ಸಹಜವಾಗಿಯೇ ಕಡಿಮೆ, ಪ್ಲೇಟ್‌ಲೆಟ್ ಕೂಡ ಉಳಿದ ನಾಯಿಗಳಿಗಿಂತ ಕಡಿಮೆ, ಕೆಂಪು ಕಣಗಳ ಪ್ರಮಾಣ ಮಾತ್ರ ಹೆಚ್ಚು ಎಂದು ವಿವರಿಸಿದರು. ಅದಲ್ಲದೆ ಬೇರೆ ಯಾವುದೇ ಕಾಯಿಲೆ ಇದ್ದಾಗಲೂ ಟಿ4 ಇಳಿಯುತ್ತದಂತೆ. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಹಾರ್ಮೋನನ್ನೂ ಸೇರಿಸಿ ನೋಡಿದಾಗ ಥೈರಾಯ್ಡ್ ಸರಿಯಾಗಿಯೇ ಇತ್ತು.

ವರದಿಯಲ್ಲಿ ಕೆಂಪು ಅಕ್ಷರದಲ್ಲಿ ಬಂದದ್ದೆಲ್ಲ ರೋಗವಲ್ಲ. ನಾಯಿಯ ತಳಿ, ವಯಸ್ಸು, ಕೊಡುತ್ತಿರುವ ಔಷಧ ಎಲ್ಲವನ್ನೂ ಮುಂದಿಟ್ಟುಕೊಂಡು ಓದುವ ವೈದ್ಯರು ಬೇಕು. ಅಂಥವರು ಸಿಕ್ಕಿದರೆ ದೂರವಾದರೂ ಬಿಡಬೇಡಿ.

ಕುಡ್ಲದ_ಅಲೆ

ಶರಾವತಿಯವರೇ, ನಿಮ್ಮ ಕಡೆ ಮಂಗನ ಕಾಯಿಲೆಯ ಭಯವೂ ಇದೆಯಲ್ಲ? ನಾಯಿಯ ಮೈಮೇಲಿನ ಉಣುಗಿನಿಂದ ಮನೆಯವರಿಗೆ ಬರಬಹುದೇ?

ಪಶುವೈದ್ಯೆ_ಹಾಸನ

ಇದಕ್ಕೆ ನಾನೇ ಉತ್ತರಿಸುತ್ತೇನೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಮುಖ್ಯವಾಗಿ ಅದನ್ನು ಹರಡುವುದು ಕಾಡಿನ ಹಿಮಾಫೈಸಾಲಿಸ್ ಉಣುಗು. ಎರ್ಲಿಕಿಯಾ ತರುವುದು ಕಂದು ನಾಯಿ ಉಣುಗು. ಅದಕ್ಕೆ ಕಾಡೇ ಬೇಕಿಲ್ಲ, ಗೋಡೆಯ ಬಿರುಕಿನಲ್ಲಿ, ನಾಯಿ ಮಲಗುವ ಗೋಣಿಚೀಲದ ಕೆಳಗೆ ಸಂಸಾರ ಹೂಡುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಮೈಮೇಲಿನದನ್ನು ಕಿತ್ತರೆ ಸಾಲದು, ಮಲಗುವ ಜಾಗವನ್ನೂ ಸ್ವಚ್ಛಮಾಡಬೇಕು, ವೈದ್ಯರು ಹೇಳಿದ ಉಣುಗುನಾಶಕವನ್ನು ವರ್ಷವಿಡೀ ಬಿಡದೆ ಕೊಡಬೇಕು. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ತಿಳಿಸಿ, ಕೆಲವು ಗುಳಿಗೆಗಳು ಅಂಥವಕ್ಕೆ ಸರಿಹೋಗುವುದಿಲ್ಲ. ಕಾಡಿಗೆ ಹೋಗಿ ಬಂದ ನಾಯಿ ಕಾಡಿನ ಉಣುಗನ್ನೂ ಹೊತ್ತು ತರಬಹುದು. ಕೀಳುವಾಗ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಲ್ಲಿ ಒತ್ತಿ ಸಾಯಿಸಬೇಡಿ.

ಮೈಸೂರು_ಮಗಳು

ನಾನಿರುವುದು ಮೆಲ್ಬರ್ನ್‌ನಲ್ಲಿ. ನಮ್ಮ ಮುದಿ ಡ್ಯಾಷ್‌ಹೌಂಡ್ ಇರುವುದು ಮೈಸೂರಿನಲ್ಲಿ ಅಪ್ಪ ಅಮ್ಮನ ಜೊತೆ. ಅವಳಿಗೆ ಏದುಸಿರು, ರಾತ್ರಿ ಓಡಾಟ, ವಿಪರೀತ ನೀರಡಿಕೆ. ಕುಷಿಂಗ್ಸ್, ಅಂದರೆ ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನು ಹೆಚ್ಚಾಗುವ ಕಾಯಿಲೆ, ಎಂಬ ಅನುಮಾನವಿದೆ, ಆದರೆ ಪರೀಕ್ಷೆ ಒಂದು ಸಲ ಹೌದು ಎನ್ನುತ್ತದೆ, ಇನ್ನೊಂದು ಸಲ ಗೆರೆಯ ಮೇಲೆ ನಿಲ್ಲುತ್ತದೆ. ಅಮ್ಮ ಫೋನಿನಲ್ಲಿ "ಇವತ್ತು ಪರವಾಗಿಲ್ಲ" ಎನ್ನುವುದನ್ನು ಕೇಳಿ ಕೇಳಿ ನನಗೆ ತಳಮಳ ಹೆಚ್ಚಾಗುತ್ತಿತ್ತು. ಪರವಾಗಿಲ್ಲ ಎಂದರೆ ಎಷ್ಟು?

ಆಮೇಲೆ ಅಪ್ಪ ಒಂದು ಹಳೆಯ ಡೈರಿ ಹಿಡಿದರು. ಬೆಳಿಗ್ಗೆ ಅಳೆದು ನೀರು ತುಂಬಿ, ಮರುದಿನ ಉಳಿದದ್ದನ್ನು ಅಳೆದು ಬರೆಯುತ್ತಾರೆ. ದಿನಕ್ಕೆ ಒಂದು ಕಿಲೋ ತೂಕಕ್ಕೆ 100 ಮಿಲಿಲೀಟರ್ ದಾಟಿದರೆ ಅತಿಯಾದ ನೀರಡಿಕೆ ಎಂದು ವೈದ್ಯರು ಹೇಳಿದ್ದರು. ಜೊತೆಗೆ ಮಲಗಿ ನಿದ್ದೆ ಮಾಡುವಾಗ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತಾರೆ. ಅದು 30ರ ಒಳಗಿರಬೇಕು. ಊಟ, ನಡಿಗೆ, ಮಲ, ಕೊಟ್ಟ ಔಷಧ ಎಲ್ಲವೂ ಒಂದೊಂದು ಸಾಲು. ವಾರಕ್ಕೊಮ್ಮೆ ಪುಟದ ಚಿತ್ರ ಕಳಿಸುತ್ತಾರೆ. ವೈದ್ಯರೂ ಆ ಡೈರಿಯನ್ನೇ ಮೊದಲು ಕೇಳುತ್ತಾರೆ. ಅಪ್ಪನಿಗೆ ನಿವೃತ್ತಿಯ ನಂತರ ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಬೇರೆ ಇಲ್ಲ. ಕಾಯಿಲೆಯ ಹೆಸರು ಇನ್ನೂ ಖಚಿತವಾಗಿಲ್ಲ, ಆದರೆ ಮನೆಯ ಗಾಬರಿ ಅರ್ಧ ಇಳಿದಿದೆ.

ಜಯನಗರದ_ನಡಿಗೆ

ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಹಣವಿದ್ದರೆ ಪರೀಕ್ಷೆಗಳಿಗೆ ಕೊನೆಯೇ ಇಲ್ಲ. ಸ್ಕ್ಯಾನ್, ಎಂಡೋಸ್ಕೋಪಿ, ಹೊರಗಿನ ಲ್ಯಾಬಿಗೆ ಕಳಿಸುವ ಮಾದರಿ. ನಮ್ಮ ಹದಿಮೂರು ವರ್ಷದ ಸ್ಪಿಟ್ಜ್‌ಗೆ ತಿಂಗಳುಗಟ್ಟಲೆ ಭೇದಿ, ತೂಕ ಇಳಿಕೆ. ನಾನು ವೈದ್ಯರಿಗೆ ಪ್ರತಿ ಪರೀಕ್ಷೆಗೆ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇದರ ಫಲಿತಾಂಶದಿಂದ ನೀವು ಕೊಡುವ ಚಿಕಿತ್ಸೆ ಬದಲಾಗುತ್ತದೆಯೇ? ಬದಲಾಗುತ್ತದೆ ಎಂದರೆ ಮಾಡಿಸಿದೆವು. ಕರುಳಿನ ತುಣುಕು ತೆಗೆಯಲು ಅರಿವಳಿಕೆ ಬೇಕು ಎಂದಾಗ, ಅವನ ಹೃದಯದ ಸ್ಥಿತಿ ನೋಡಿ, ಬೇಡ ಎಂದೆವು. ಆಹಾರ ಬದಲಿಸಿ, ಬಿ12 ಚುಚ್ಚುಮದ್ದು ಕೊಟ್ಟು ನೋಡಿಕೊಂಡೆವು. ಅದಾದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಂಜೆಯ ನಡಿಗೆಗೆ ತಾನೇ ಬೆಲ್ಟ್ ಕಚ್ಚಿ ತಂದ.

"ಒಂದು ನಾಯಿಗೆ ಇಷ್ಟೊಂದಾ?" ಎಂದು ನೆಂಟರು ಕೇಳುತ್ತಾರೆ. ಕೇಳಲಿ. ಉತ್ತರ ಕೊಡುವ ಹೊಣೆ ನಿಮಗಿಲ್ಲ. ಆದರೆ ನಿಮ್ಮ ಕೈಯಲ್ಲಿರುವ ಹಣ, ನಿಮ್ಮ ನಿದ್ದೆ, ಮನೆಯ ಬೇರೆ ಜನ, ಇವೂ ಲೆಕ್ಕಕ್ಕೆ ಬರಬೇಕು. ಪರೀಕ್ಷೆ ನಿಲ್ಲಿಸುವುದು ಆರೈಕೆ ನಿಲ್ಲಿಸಿದಂತೆ ಅಲ್ಲ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ತೋಟದಯ್ಯ

ಡಾಕ್ಟರಮ್ಮ ಹೇಳಿದ್ದನ್ನು ಒಪ್ಪುತ್ತೇನೆ, ಮಾತ್ರೆಯ ಮಾತು ಇನ್ನು ಆಡುವುದಿಲ್ಲ. ಔಷಧ ತಿನ್ನಿಸುವ ವಿಷಯ ಒಂದು ಹೇಳುತ್ತೇನೆ. ರಾಗಿಮುದ್ದೆಯ ಚಿಕ್ಕ ಉಂಡೆ ಮಾಡಿ ಒಳಗೆ ಮಾತ್ರೆ ಇಡಿ. ಮೊದಲು ಖಾಲಿ ಉಂಡೆ, ಎರಡನೆಯದರಲ್ಲಿ ಮಾತ್ರೆ, ಹಿಂದೆಯೇ ಮೂರನೆಯದು ತೋರಿಸಬೇಕು. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತವೆ.

ಪಶುವೈದ್ಯೆ_ಹಾಸನ

ಇದು ಒಳ್ಳೆಯ ಉಪಾಯ. ಡಾಕ್ಸಿಸೈಕ್ಲಿನ್ ಆದರೆ ರಾಗಿಯ ಬದಲು ಅನ್ನದ ಉಂಡೆ ಇರಲಿ, ರಾಗಿಯಲ್ಲಿ ಕ್ಯಾಲ್ಸಿಯಂ ಬಹಳ. ಆ ಮಾತ್ರೆ ಕೊಟ್ಟ ಮೇಲೆ ಸ್ವಲ್ಪ ನೀರು ಕುಡಿಸುವುದನ್ನೂ ಮರೆಯಬೇಡಿ. ಗಂಟಲಿನಲ್ಲಿ ಸಿಕ್ಕಿಕೊಂಡರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ.

ಶರಾವತಿ_ದಂಡೆ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಚೆನ್ನಿಯನ್ನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆವು. ಜ್ವರ ಇರುವ ದಿನವೇ ಹೋದದ್ದು ಒಳ್ಳೆಯದಾಯಿತು. ಬೇರೆ ದಿನಗಳಲ್ಲಿ ಮೇಜಿನ ಮೇಲೆ ಬಾಲ ಆಡಿಸುತ್ತ ನಿಲ್ಲುವ ನಾಯಿಯನ್ನು ತೋರಿಸಿ "ಇವಳಿಗೆ ಹುಷಾರಿಲ್ಲ" ಎಂದರೆ ಯಾರು ನಂಬುತ್ತಾರೆ?

ಪಿಸಿಆರ್‌ನಲ್ಲಿ ಎರ್ಲಿಕಿಯಾ, ಬೇಬಿಸಿಯಾ ಎರಡೂ ಸಿಗಲಿಲ್ಲ. ಎರ್ಲಿಕಿಯಾ ಕೆಲವೊಮ್ಮೆ ಗುಲ್ಮದಲ್ಲಿ (ಸ್ಪ್ಲೀನ್) ಅವಿತು ರಕ್ತದಲ್ಲಿ ಕಾಣದೆಯೂ ಇರಬಹುದು ಎಂದು ಹೇಳಿಯೇ ಹೇಳಿದರು. ಅಲ್ಟ್ರಾಸೌಂಡ್‌ನಲ್ಲಿ ಗುಲ್ಮ ಸ್ವಲ್ಪ ದೊಡ್ಡದಾಗಿದೆ, ಗೆಡ್ಡೆ ಇಲ್ಲ. ಹೃದಯದ ಕವಾಟಗಳನ್ನೂ ನೋಡಿದರು. ಮಣಿಕಟ್ಟು ಮತ್ತು ಹಿಂಗಾಲಿನ ಕೀಲುಗಳಿಂದ ದ್ರವ ತೆಗೆದರು. ಅದರಲ್ಲಿ ಉರಿಯೂತದ ಬಿಳಿ ಕಣಗಳು ತುಂಬಿದ್ದವು, ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಅವಳ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದಿರುವ ಹಾಗೆ ಕಾಣುತ್ತದೆ ಎಂದರು. ಏಕೆ? ಹಳೆಯ ಸೋಂಕು ಕೆದಕಿದ್ದೋ, ಬೇರೆ ಏನೋ, ಹೇಳಲಾಗುವುದಿಲ್ಲ ಎಂದರು. ಹಾಗೆ ನೇರವಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಿತು.

ಪ್ರೆಡ್ನಿಸೊಲೊನ್ ಎಂಬ ಸ್ಟೀರಾಯ್ಡ್ ಶುರುವಾಯಿತು. ಎರಡನೆಯ ದಿನವೇ ಜ್ವರವಿಲ್ಲ, ಮೆಟ್ಟಿಲು ಇಳಿದು ದಣಪೆಯವರೆಗೆ ಹೋದಳು. ನಿಧಾನವಾಗಿ ಪ್ರಮಾಣ ಇಳಿಸುತ್ತ ಬಂದೆವು, ಒಂದು ಹಂತಕ್ಕಿಂತ ಕೆಳಗೆ ಇಳಿಸಿದರೆ ಜ್ವರ ಮರಳುತ್ತದೆ. ಈಗ ಆ ಹಂತದಲ್ಲೇ ನಿಲ್ಲಿಸಿದ್ದಾರೆ. ನೀರು ಬಹಳ ಕುಡಿಯುತ್ತಾಳೆ, ರಾತ್ರಿ ಮೂತ್ರಕ್ಕೆ ಎಬ್ಬಿಸುತ್ತಾಳೆ, ಹಸಿವು ಎಂದರೆ ಕೊಟ್ಟಿಗೆಯ ಹಿಂಡಿಗೂ ಬಾಯಿ ಹಾಕುತ್ತಾಳೆ. ಮಲಗುವ ಜಾಗವನ್ನು ಹಿಂಬಾಗಿಲ ಹತ್ತಿರಕ್ಕೆ ಬದಲಾಯಿಸಿದ್ದೇವೆ. ಪೂರ್ತಿ ಗುಣವಾಗುತ್ತಾಳೆಯೇ ಎಂದು ಕೇಳುವುದನ್ನು ಬಿಟ್ಟು, ಈ ವಾರ ಹೇಗಿದ್ದಾಳೆ ಎಂದು ನೋಡಲು ಕಲಿಯುತ್ತಿದ್ದೇನೆ. ಎಲ್ಲ ದಿನವೂ ಆಗುವುದಿಲ್ಲ.

ಡಾಕ್ಟರ್, ಒಂದು ಕೇಳಲೇ? ಇನ್ನು ಸಾಕು ಎಂದು ಹೇಗೆ ತಿಳಿಯುತ್ತದೆ? ಈಗಲ್ಲ. ಮುಂದೆ.

ಪಶುವೈದ್ಯೆ_ಹಾಸನ

ಈಗಲೇ ಕೇಳಿದ್ದು ಒಳ್ಳೆಯದು, ಸಂಕಟದ ರಾತ್ರಿ ಕೂತು ಯೋಚಿಸುವ ಪ್ರಶ್ನೆ ಅದಲ್ಲ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೋಸ್ 2004ರಲ್ಲಿ ಒಂದು ಅಳತೆಪಟ್ಟಿ ರೂಪಿಸಿದರು. ಅದರಲ್ಲಿ ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ಸಂಗತಿಗಳಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ, ಒಟ್ಟು 35 ದಾಟಿದರೆ ಬದುಕು ಸಹನೀಯ ಎಂದು ಲೆಕ್ಕ. ಉಸಿರಾಟದ ಕಷ್ಟವನ್ನು ನೋವಿನಲ್ಲೇ ಸೇರಿಸಿದ್ದಾರೆ. ಮನೆಯ ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಿ ಹೋಲಿಸಿ ನೋಡಿ. ಅಂಕವೇ ತೀರ್ಪಲ್ಲ, ಆದರೆ ದಿನವೂ ಜೊತೆಗಿರುವವರ ಕಣ್ಣಿಗೆ ಬೀಳದ ಇಳಿತ ಅದರಲ್ಲಿ ಕಾಣುತ್ತದೆ.

ಜಯನಗರದ_ನಡಿಗೆ

ಕೊನೆಗೆ ದಯಾಮರಣ ಎಂದು ನಾವು ನಿರ್ಧರಿಸಿದಾಗ ವೈದ್ಯರು ಮೊದಲು ನಿದ್ದೆಯ ಮದ್ದು ಕೊಟ್ಟರು, ಅವನು ಗಾಢವಾಗಿ ಮಲಗಿದ ಮೇಲೆಯೇ ಎರಡನೆಯದು. ಅವನಿಗೆ ಏನೂ ತಿಳಿಯಲಿಲ್ಲ. ಮುಂದೆ ಯಾರಿಗಾದರೂ ಬೇಕಾದರೆ, ಮನೆಗೆ ಬರುವಿರಾ ಎಂದು ನಿಮ್ಮ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೊಸ_ಸದಸ್ಯ_ಕಾರ್ಕಳ

ನಮ್ಮ ಒಂಬತ್ತು ವರ್ಷದ ನಾಯಿಗೂ ಇದೇ ರೀತಿ ಜ್ವರ ಮತ್ತು ಕುಂಟು. ಮನೆಯಲ್ಲಿ ಪ್ರೆಡ್ನಿಸೊಲೊನ್ ಇದೆ, ಅತ್ತೆಯವರಿಗೆ ಬರೆದುಕೊಟ್ಟದ್ದು. ಕೊಟ್ಟು ನೋಡಬಹುದೇ?

ಪಶುವೈದ್ಯೆ_ಹಾಸನ

ಬೇಡ. ಸೋಂಕು ಇದ್ದರೆ ಅದು ಭುಗಿಲೇಳುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರ್ ಇದ್ದರೆ ಸ್ಟೀರಾಯ್ಡ್ ಕೊಟ್ಟ ಕೂಡಲೇ ಗಂಟುಗಳು ಕುಗ್ಗಿ, ಆಮೇಲೆ ಪರೀಕ್ಷೆಯಲ್ಲಿ ಪತ್ತೆಯಾಗುವುದೇ ಕಷ್ಟವಾಗುತ್ತದೆ. ನೋವಿನ ಮಾತ್ರೆ ಈಗಾಗಲೇ ನಡೆಯುತ್ತಿದ್ದರೆ ಎರಡೂ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಒಮ್ಮೆ ಕೆಲವು ವಾರ ಕೊಟ್ಟ ಮೇಲೆ ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಮೊದಲು ರಕ್ತ, ಕೀಲುದ್ರವ. ಚೆನ್ನಿಗೆ ಆ ಔಷಧ ಕೊಟ್ಟದ್ದು ಅವೆಲ್ಲ ಆದ ಮೇಲೆ.

ಶರಾವತಿ_ದಂಡೆ

ಕಾರ್ಕಳದವರೇ, ಈ ಮಧ್ಯೆ ಮೂರು ಕೆಲಸ ಮಾಡಿ. ದಿನಕ್ಕೆರಡು ಸಲ ಜ್ವರ ನೋಡಿ ಸಮಯದೊಂದಿಗೆ ಬರೆದಿಡಿ. ಕುಂಟುವಾಗ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ತೆಗೆಯಿರಿ, ಯಾವ ಕಾಲು ಎಂದು ವೈದ್ಯರಿಗೆ ಅದರಲ್ಲೇ ತಿಳಿಯುತ್ತದೆ. ಇದುವರೆಗಿನ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಒಂದು ಕಡತದಲ್ಲಿ ಹಾಕಿ. ಹೊರಡುವ ಬೆಳಿಗ್ಗೆ ಊಟ ಕೊಡಬೇಕೋ ಬೇಡವೋ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಕೀಲುದ್ರವ ತೆಗೆಯುವಾಗ ಮಂಪರು ಕೊಡುತ್ತಾರೆ, ಹೊಟ್ಟೆ ಖಾಲಿ ಇರಬೇಕಾಗುತ್ತದೆ. ನಿಮ್ಮ ನಾಯಿಯ ಹೆಸರು, ತೂಕ, ಇದುವರೆಗೆ ಕೊಟ್ಟ ಔಷಧಗಳನ್ನು ಇಲ್ಲಿ ಬರೆಯಿರಿ. ಡಾಕ್ಟರಿಗೂ ಅನುಕೂಲ, ನಾವೂ ನೋಡುತ್ತಿರುತ್ತೇವೆ.